ಹಳೆ ಜಿಪ್ಸಿ: ಎಂಜಿನ್ ಕೇಳುವ ಮೊದಲು ಚಾಸಿ ತಟ್ಟಿ

ಸಂಜೆ ಬಿಸಿಲು ಇಳಿದ ಮೇಲೆ ಹುಡ್ (ಬಟ್ಟೆಯ ಛಾವಣಿ) ಬಿಚ್ಚಿ ಓಡಿಸುವಂಥ ಗಾಡಿ ಬೇಕು, ಆದರೆ ಕೈಯಲ್ಲಿ ಹೆಚ್ಚು ದುಡ್ಡಿಲ್ಲ ಎನ್ನುವವರಿಗೆ ನಮ್ಮ ಕಡೆ ಉಳಿಯುವುದು ಎರಡೇ ದಾರಿ. ಒಂದು ಹಳೆಯ ಮಹೀಂದ್ರಾ ಡೀಸೆಲ್ ಜೀಪು, ಇನ್ನೊಂದು ಸಾಫ್ಟ್‌ಟಾಪ್ ಮಾರುತಿ ಜಿಪ್ಸಿ. ಪರದೇಶದ ಕನ್ವರ್ಟಿಬಲ್ ಕಾರುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವುಗಳ ಹುಡ್ ಮೋಟಾರು, ಬಾಗಿಲ ರಬ್ಬರಿನ ಬೆಲೆ ಕೇಳಿದರೇ ಆಸೆ ಇಳಿದುಹೋಗುತ್ತದೆ. ಜೀಪು ಬಲ್ಲವರು ಊರಿಗೊಬ್ಬರು ಸಿಗುತ್ತಾರೆ. ಇಲ್ಲಿರುವುದು ಜಿಪ್ಸಿಯ ವಿಚಾರ, ಅದೂ ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯಲ್ಲಿ ನಿಲ್ಲುವ, ವಾರಕ್ಕೊಮ್ಮೆ ಘಟ್ಟ ಹತ್ತಿ ಶಿರಸಿ, ಯಲ್ಲಾಪುರಕ್ಕೆ ಹೋಗಿಬರುವ ಗಾಡಿಯದ್ದು.

ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ಜಿಪ್ಸಿಯಲ್ಲಿ ಅದು ಕೊನೆಯ ಕೆಲಸ. ಎಂಜಿನ್ ಕೆಟ್ಟಿದ್ದರೆ ಹುಬ್ಬಳ್ಳಿಗೆ ಒಯ್ದು ಬೋರ್ ಮಾಡಿಸಬಹುದು, ಹೊಸ ಪಿಸ್ಟನ್ ಸೆಟ್ ಹಾಕಿಸಬಹುದು. ಗೇರ್‌ಬಾಕ್ಸ್ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿರುವುದು ಎರಡೇ: ಕೊಳೆತ ಚಾಸಿಗೆ (ಗಾಡಿಯ ಅಡಿಚೌಕಟ್ಟಿಗೆ) ಬದಲಿ, ಹೆಸರಿಗೆ ಆಗದ ಆರ್‌ಸಿಗೆ ಪರಿಹಾರ. ಆದ್ದರಿಂದ ಮೊದಲು ಕಾಗದ, ಆಮೇಲೆ ಚಾಸಿ, ಅದು ದಾಟಿದರೆ ಎಂಜಿನ್.

ಯಾವ ಮಾಡೆಲ್ಲು

1985ರಲ್ಲಿ ಬಂದ ಮೊದಲ ಜಿಪ್ಸಿ ಎಂಜಿ410. 970 ಸಿಸಿ ಕಾರ್ಬ್ಯುರೇಟರ್ ಎಂಜಿನ್, ನಾಲ್ಕು ಗೇರು. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿಸಿದ ಎಂಜಿ410ಡಬ್ಲ್ಯು ಬಂತು; ತಿರುವಿನಲ್ಲಿ ಇದು ಹಳೆಯದಕ್ಕಿಂತ ಎಷ್ಟೋ ವಾಸಿ. 1996ರ ಜಿಪ್ಸಿ ಕಿಂಗ್‌ಗೆ 1.3 ಲೀಟರ್, ಎಂಟು ವಾಲ್ವಿನ ಎಂಜಿನ್, ಐದು ಗೇರು. 2000ದಿಂದ ಹದಿನಾರು ವಾಲ್ವಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್), 80 ಬಿಎಚ್‌ಪಿ. 2019ರಲ್ಲಿ ತಯಾರಿಕೆಯೇ ನಿಂತಿತು.

970 ಸಿಸಿ ಗಾಡಿ ಅಗ್ಗಕ್ಕೆ ಸಿಗುತ್ತದೆ, ಊರೊಳಗೆ, ತೋಟದ ದಾರಿಗೆ ಸಾಕು. ನಾಲ್ಕು ಜನ ಕೂತು ದೇವಿಮನೆ ಘಟ್ಟ ಹತ್ತಿದರೆ ಹಿಂದೆ ಲಾರಿಗಳ ಸಾಲು ನಿಲ್ಲುತ್ತದೆ. ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರಿಗೆ 1996ರಿಂದ 2000ದೊಳಗಿನ ಕಾರ್ಬ್ಯುರೇಟರ್ ಕಿಂಗ್ ಹೇಳಿ ಮಾಡಿಸಿದ ಗಾಡಿ. ಎಂಪಿಎಫ್‌ಐ ಚೆನ್ನಾಗಿ ಎಳೆಯುತ್ತದೆ, ಅದರ ಎಂಜಿನ್ ಎಸ್ಟೀಮ್ ಕಾರಿನದೇ ಮನೆತನ, ಬಿಡಿಭಾಗಕ್ಕೆ ಪರದಾಟವಿಲ್ಲ. ಆದರೆ ಹುಡ್ ಸೋರುವ ಗಾಡಿಯಲ್ಲಿ ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್, ವೈರಿಂಗ್ ಎಲ್ಲಕ್ಕೂ ನೀರಿನ ಭಯ ಇದ್ದೇ ಇದೆ. ಸೋರಿಕೆ ಮೊದಲು ನಿಲ್ಲಿಸುವ ಮನಸ್ಸಿದ್ದರಷ್ಟೇ ಎಂಪಿಎಫ್‌ಐ ತೆಗೆದುಕೊಳ್ಳಿ.

ಗಾಡಿ ಎಲ್ಲಿಂದ ಬಂತು

ಒಂದೇ ವರ್ಷದ ಎರಡು ಜಿಪ್ಸಿ, ಒಂದು ಕರಾವಳಿಯದ್ದು, ಇನ್ನೊಂದು ಘಟ್ಟದ ಮೇಲಿನದು. ಅಡಿಯಲ್ಲಿ ಮಲಗಿ ನೋಡಿದರೆ ಹತ್ತು ವರ್ಷದ ವ್ಯತ್ಯಾಸ ಕಾಣುತ್ತದೆ. ಕೆಎ-30 ಕಾರವಾರ, ಕೆಎ-47 ಹೊನ್ನಾವರ, ಕೆಎ-31 ಶಿರಸಿ, ಕೆಎ-65 ದಾಂಡೇಲಿ. ನಂಬರ್ ಪ್ಲೇಟ್ ಶಿರಸಿಯದೆಂದು ಸಮಾಧಾನಪಡುವಂತಿಲ್ಲ, ಗಾಡಿ ನಿಂತದ್ದೆಲ್ಲಿ ಎಂಬುದು ಮುಖ್ಯ. ಮೀನು ಸಾಗಿಸಿದ ಗಾಡಿಯನ್ನು ಮುಟ್ಟಲೇಬೇಡಿ: ಬುಟ್ಟಿಯಿಂದ ಸೋರುವ ಉಪ್ಪು ಮಿಶ್ರಿತ ಐಸ್ ನೀರು ಹಿಂಬದಿಯ ಫ್ಲೋರ್ ಶೀಟಿನ ಜೋಡಣೆಗಳಲ್ಲಿ ಇಳಿದು ಚಾಸಿಯ ತನಕ ಹೋಗಿರುತ್ತದೆ. ಎಷ್ಟು ತೊಳೆದಿದ್ದರೂ ಮ್ಯಾಟ್ ಎತ್ತಿ ಮೂಸಿದರೆ ಗೊತ್ತಾಗುತ್ತದೆ. ಮೇಲಿನ ಸೀಮೆಯ ತೋಟದ ಗಾಡಿಯಲ್ಲಿ ಚಾಸಿ ಗಟ್ಟಿ, ಆದರೆ ಹಸಿ ಗೊಬ್ಬರ ಹೊತ್ತು ಹಿಂಬದಿಯ ತೊಟ್ಟಿ ತಿಂದುಹೋಗಿರುತ್ತದೆ. ಎರಡರಲ್ಲಿ ಒಂದನ್ನು ಆರಿಸುವುದಾದರೆ ತೋಟದ್ದೇ ಆಗಲಿ. ಫ್ಲೋರ್ ಶೀಟು ಬದಲಾಯಿಸಬಹುದು.

ದಾಂಡೇಲಿ, ಜೋಯಿಡಾ ಕಡೆಯ ಸಫಾರಿ ಗಾಡಿಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಹಳದಿ ಬೋರ್ಡಿನವಾದರೆ ಬಿಳಿ ಬೋರ್ಡಿಗೆ ಬದಲಾಯಿಸುವ ಕೆಲಸ, ತೆರಿಗೆ ಎರಡನ್ನೂ ಮಾರುವವರೇ ಮುಗಿಸಿಕೊಡಲಿ. ಎತ್ತರದ ಬೆಂಚು ಬೆಸೆಯಲು ಬಾಡಿ ಕೊರೆದಿದ್ದಾರೋ ನೋಡಿ. ಸೇನೆಯ ಹರಾಜಿನ ಸಾಫ್ಟ್‌ಟಾಪ್‌ಗಳು ಕಡಿಮೆ ಓಡಿದವು ಎಂದು ದಲ್ಲಾಳಿಗಳು ಹೇಳುವುದು ಕೆಲವೊಮ್ಮೆ ನಿಜವೂ ಹೌದು; ಆದರೆ ಸೇನೆಯ ನಂಬರಿನಿಂದ ನಾಗರಿಕ ನಂಬರಿಗೆ ಬಂದ ಆರ್‌ಸಿ ಕಣ್ಣಾರೆ ಕಾಣದೆ ಮುಂಗಡ ಕೊಡಬೇಡಿ. "ಕಾಗದ ಆಗ್ತಾ ಇದೆ" ಎಂಬ ಮಾತಿಗೆ ಬೆಲೆಯಿಲ್ಲ.

ಕಾಗದ

ಆರ್‌ಸಿಯಲ್ಲಿ ಬಾಡಿ ಟೈಪ್ ಏನಿದೆ ಓದಿ. ಹಾರ್ಡ್‌ಟಾಪ್ ಎಂದಿದ್ದು ಎದುರಿಗೆ ನಿಂತ ಗಾಡಿಗೆ ಹುಡ್ ಇದ್ದರೆ, ಯಾರೋ ತಲೆ ಕತ್ತರಿಸಿದ್ದಾರೆ ಎಂದರ್ಥ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಕಾನೂನು ಒತ್ತಟ್ಟಿಗಿರಲಿ, ಗರಗಸದಿಂದ ಕತ್ತರಿಸಿದ ಬಾಡಿ ನಡುವೆ ಬಾಗಿ ಬಾಗಿಲು ಸರಿ ಕೂರುವುದಿಲ್ಲ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಎಫ್‌ಸಿ ಮಾಡಿಸಿ ನವೀಕರಿಸಬೇಕು, ಅರ್ಜಿ ಫಾರ್ಮ್ 25. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿಗೆ ಶುಲ್ಕ 5,000 ರೂಪಾಯಿ. 2025ರ ಆಗಸ್ಟ್‌ನ ಅಧಿಸೂಚನೆಯ ನಂತರ 20 ವರ್ಷ ದಾಟಿದ್ದಕ್ಕೆ 10,000. ಜಿಎಸ್‌ಟಿ ಬೇರೆ, ಗ್ರೀನ್ ಟ್ಯಾಕ್ಸ್ ಬೇರೆ. ಅವಧಿ ಮುಗಿದು ತಡವಾಗಿದ್ದರೆ ತಿಂಗಳಿಗೆ 500ರಂತೆ ದಂಡ ಬೆಳೆದಿರುತ್ತದೆ. ಮೂರು ವರ್ಷ ಕೊಟ್ಟಿಗೆಯಲ್ಲಿ ನಿಂತ "ಅಗ್ಗದ" ಗಾಡಿಗೆ ದಂಡವೇ 18,000 ಆಗುತ್ತದೆ. ಇದನ್ನು ಬೆಲೆಯಲ್ಲಿ ಮುರಿದುಕೊಳ್ಳಿ.

ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30, ಹಳೆ ಸಾಲ ಆರ್‌ಸಿಯಲ್ಲಿ ಉಳಿದಿದ್ದರೆ ಬ್ಯಾಂಕಿನ ಸಹಿ ಇರುವ ಫಾರ್ಮ್ 35. ಗೋವಾದ ಗಾಡಿಯಾದರೆ ಅಲ್ಲಿಯ ಆರ್‌ಟಿಓದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಇಲ್ಲಿ ಹೊಸ ನಂಬರಿಗೆ ಫಾರ್ಮ್ 27, ಜೊತೆಗೆ ಗಾಡಿಯ ವಯಸ್ಸಿನ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಗೋವಾ ಗಾಡಿ ಮಾಜಾಳಿ ಗೇಟಿನ ಆಚೆ ಅಗ್ಗ ಕಂಡದ್ದು ಈಚೆ ಬಂದು ತೆರಿಗೆ ಕಟ್ಟಿದ ಮೇಲೆ ಸಮಸಮ ಆಗುವುದುಂಟು. ಹೊರರಾಜ್ಯದ ನಂಬರಿನಲ್ಲೇ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದು ತಡವಾಗಿ. ನವೀಕರಣಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೊಡಬೇಕು. ಮುಂಬದಿ ಚಕ್ರದ ಹತ್ತಿರ ಚಾಸಿಯ ಮೇಲೆ ಕೆತ್ತಿದ ನಂಬರನ್ನು ತುಕ್ಕು ತಿಂದಿದ್ದರೆ ಬ್ರೇಕ್ ಇನ್‌ಸ್ಪೆಕ್ಟರ್ ಒಪ್ಪುವುದಿಲ್ಲ, ಅಲ್ಲಿಂದ ಓಡಾಟ ಶುರು. ಕಾಗದ ಮತ್ತು ಸೆಲ್ಲೋಟೇಪು ಜೇಬಿನಲ್ಲಿಟ್ಟುಕೊಂಡು ಹೋಗಿ. ನಂಬರಿನ ಮೇಲಿನ ಕೆಸರನ್ನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಪೆನ್ಸಿಲ್ ಉಜ್ಜಿ, ಪ್ರತಿ ಅಂಕಿಯನ್ನೂ ಆರ್‌ಸಿಯ ಜೊತೆ ತಾಳೆ ಹಾಕಿ. ವೈರ್ ಬ್ರಷ್‌ನಿಂದ ಜೋರಾಗಿ ತಿಕ್ಕಬೇಡಿ, ಉಳಿದ ಅಂಕಿಯೂ ಹೋದೀತು.

ತುಕ್ಕು ಹುಡುಕುವ ಬಗೆ

ಬೇಕಾಗುವುದು: ಕಾಲು ಕೆಜಿ ಸುತ್ತಿಗೆ, ಹಳೆಯ ಉದ್ದ ಸ್ಕ್ರೂ ಡ್ರೈವರ್, ಟಾರ್ಚು, ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಮಲಗಲು ಗೋಣಿಚೀಲ. ಗಾಡಿ ತೊಳೆದು ಹೊಳೆಯಿಸಿ ನಿಲ್ಲಿಸಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿರಿ. ಅಡಿಯಲ್ಲಿ ಹೊಸದಾಗಿ ಬಳಿದ ಕಪ್ಪು ಡಾಂಬರು ಕೋಟಿಂಗ್ ಕಂಡರೆ ಅನುಮಾನ ಇರಲಿ. ಒಳ್ಳೆಯ ಚಾಸಿಗೆ ಮಾರುವ ಮುನ್ನಾದಿನ ಯಾರೂ ಬಣ್ಣ ಬಳಿಯುವುದಿಲ್ಲ.

ಜಿಪ್ಸಿಯ ಚಾಸಿ ಡಬ್ಬಿಯಾಕಾರದ್ದು, ಒಳಗೆ ಟೊಳ್ಳು. ಚಕ್ರ ಎರಚಿದ ಮರಳು, ಕೆಂಪುಮಣ್ಣು ಒಳಗೆ ಸೇರಿ ನೀರು ಹೋಗುವ ತೂತುಗಳನ್ನು ಮುಚ್ಚುತ್ತದೆ. ಒಳಗಿನ ಮಣ್ಣು ಜನವರಿಯ ತನಕ ಹಸಿಯಾಗಿಯೇ ಇರುತ್ತದೆ. ಹಾಗಾಗಿ ಕೊಳೆಯುವುದು ಒಳಗಿನಿಂದ ಹೊರಕ್ಕೆ. ಹೊರಗೆ ಗುಳ್ಳೆ ಕಾಣಿಸುವಷ್ಟರಲ್ಲಿ ಒಳಗೆ ಕಾಗದದಷ್ಟೇ ಉಳಿದಿರುತ್ತದೆ.

ಮೊದಲು ಹಿಂಬದಿಯ ಚಕ್ರದ ಹಿಂದೆ, ಲೀಫ್ ಪ್ಲೇಟಿನ ತುದಿ ಹಿಡಿಯುವ ಕೊಂಡಿ, ಅಂದರೆ ಶಾಕಲ್, ಚಾಸಿಗೆ ಕೂರುವ ಜಾಗ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎಂದು ಸತ್ತ ಸದ್ದು ಕೊಡುತ್ತದೆ, ಜೊತೆಗೆ ಒಳಗಿಂದ ತುಕ್ಕಿನ ಚಕ್ಕೆ ಉದುರುವ ಸರಸರ ಕೇಳುತ್ತದೆ. ಸದ್ದು ಬದಲಾದಲ್ಲಿ ಸ್ಕ್ರೂ ಡ್ರೈವರ್ ಒತ್ತಿ. ಚುಚ್ಚಿಕೊಂಡರೆ ಅಲ್ಲಿಗೆ ವೆಲ್ಡಿಂಗ್ ಬೇಕು. ನಂತರ ಮುಂಬದಿಯ ಶಾಕಲ್ ಜಾಗ, ಬಾಡಿ ಚಾಸಿಗೆ ಕೂರುವ ಬ್ರಾಕೆಟ್‌ಗಳು, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದ ಅಡ್ಡಪಟ್ಟಿ. ಟ್ಯಾಂಕಿನ ಮೇಲೆ ಮಣ್ಣು ಕೂತು ಟ್ಯಾಂಕನ್ನೂ ಅಡ್ಡಪಟ್ಟಿಯನ್ನೂ ಒಟ್ಟಿಗೆ ತಿನ್ನುತ್ತದೆ. ಕೈ ತೂರಿಸಿ ಮುಟ್ಟಿಯೇ ನೋಡಬೇಕು.

ಬಾಡಿಯಲ್ಲಿ: ಮುಂದೆ ಕಾಲಿಡುವ ಜಾಗದ ಮೂಲೆಗಳು, ಬ್ಯಾಟರಿ ತಟ್ಟೆಯ ಕೆಳಗೆ, ಮುಂದಿನ ಗಾಜಿನ ಫ್ರೇಮು ಬಾಡಿಗೆ ಸೇರುವ ಬುಡ, ಹಿಂಬಾಗಿಲ ಕೆಳಅಂಚು, ಚಕ್ರದ ಕಮಾನಿನಲ್ಲಿ ಎರಡು ಶೀಟು ಒಂದರ ಮೇಲೊಂದು ಕೂತ ಕಡೆ. ಅಯಸ್ಕಾಂತ ಹಿಡಿಯದಿದ್ದರೆ ಅಲ್ಲಿರುವುದು ಪುಟ್ಟಿ.

ಶಾಕಲ್ ಜಾಗ ಒಂದು ಬದಿ ಕೊಳೆತಿದ್ದರೆ ದರ ಇಳಿಸಿ ಕೊಳ್ಳಬಹುದು. ಎರಡೂ ಬದಿ, ಜೊತೆಗೆ ಬಾಡಿ ಬ್ರಾಕೆಟ್ ಹೋಗಿದ್ದರೆ, ಎಂಜಿನ್ ಎಷ್ಟೇ ಸಿಹಿಯಾಗಿ ಓಡಲಿ, ಕೈಮುಗಿದು ಬನ್ನಿ.

ಎಂಜಿನ್ ಮತ್ತು ಓಟ

ಎಂಜಿನ್ ತಣ್ಣಗಿರುವಾಗ ಹೋಗಿ. ನೀವು ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಕೋಲ್ಡ್ ಸ್ಟಾರ್ಟ್ ತೊಂದರೆ ಮುಚ್ಚಿಟ್ಟಿರಬಹುದು, ಒಂದು ತಾಸು ಕಾಯಿರಿ. ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯಂಥ ಪದರ ಇದೆಯೇ, ರೇಡಿಯೇಟರ್ ನೀರಲ್ಲಿ ಎಣ್ಣೆ ತೇಲುತ್ತದೆಯೇ ನೋಡಿ. ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಒಳ್ಳೆಯದು: ಎಂಟು ವಾಲ್ವಿನ 1.3ರಲ್ಲಿ ಬಿಸಿ ಎಂಜಿನ್‌ಗೆ ಸಿಲಿಂಡರಿಗೆ 14 ಕೆಜಿ ಆಸುಪಾಸು ಬರಬೇಕು, 12ಕ್ಕಿಂತ ಇಳಿದರೆ ಕೆಲಸ ಇದೆ, ನಾಲ್ಕರ ನಡುವೆ ಅಂತರ ಒಂದು ಕೆಜಿ ಮೀರಬಾರದು.

ಅರಬೈಲ್ ಘಟ್ಟ ಪರೀಕ್ಷೆಗೆ ಒಳ್ಳೆಯ ಜಾಗ. ಹತ್ತುವಾಗ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲಬೇಕು. ಏರುತ್ತ ಹೋದರೆ ರೇಡಿಯೇಟರ್ ಕಟ್ಟಿದೆ. ಕರಾವಳಿಯಲ್ಲಿ ಬಾವಿಯ ಸವಳು ನೀರನ್ನೇ ತುಂಬಿಸಿಕೊಂಡು ಓಡಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಇಳಿಯುವಾಗ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ: ಗೇರ್ ತಾನಾಗಿ ಜಾರಿದರೆ ಗೇರ್‌ಬಾಕ್ಸ್ ಇಳಿಸಬೇಕು. ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಏರಿನಲ್ಲಿ ಬಿಡದೆ ನೀಲಿ ಬಂದರೆ ರಿಂಗು. ಮೊದಲನೆಯದು ಸಣ್ಣ ಕೆಲಸ, ಎರಡನೆಯದು ಪೂರ್ತಿ ಎಂಜಿನ್ ಬಿಚ್ಚುವ ಕೆಲಸ.

ಫೋರ್‌ವೀಲ್ ಪರೀಕ್ಷೆಯನ್ನು ಒಣ ಟಾರ್ ರಸ್ತೆಯಲ್ಲಿ ಮಾಡಬೇಡಿ. ಮಣ್ಣಿನ ಅಂಗಳದಲ್ಲಿ ಮುಂಬದಿಯ ಎರಡೂ ಚಕ್ರಗಳ ನಡುವಿನ ಹಬ್ಬುಗಳನ್ನು ಲಾಕ್‌ಗೆ ತಿರುಗಿಸಿ, ಲಿವರ್ ಹಾಕಿ ನಿಧಾನ ಸುತ್ತು ಹೊಡೆಯಿರಿ. ಹಬ್ ತಿರುಗದೇ ಬಿಗಿದಿದ್ದರೆ ಅದನ್ನು ವರ್ಷಗಟ್ಟಲೆ ಯಾರೂ ಮುಟ್ಟಿಲ್ಲ. ಪೂರ್ತಿ ತಿರುಗಿಸಿದಾಗ ಮುಂದಿನಿಂದ ಕಟಕಟ ಬಂದರೆ ಆಕ್ಸಲ್ ಜಾಯಿಂಟ್ ಸವೆದಿದೆ. ಹೊರಡುವಾಗ ಅಡಿಯಲ್ಲಿ ಢಣ್ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಜಾಯಿಂಟ್) ಅಥವಾ ಟ್ರಾನ್ಸ್‌ಫರ್ ಕೇಸಿನ, ಅಂದರೆ ಎಂಜಿನ್ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯ, ರಬ್ಬರ್ ಮೌಂಟಿಂಗ್. ಮೌಂಟಿಂಗ್ ಒಡೆದದ್ದನ್ನು ಕ್ರಾಸ್ ಹೋಗಿದೆಯೆಂದು ಬದಲಾಯಿಸಿ ದುಡ್ಡು ಕಳೆಯುವವರು ಬಹಳ. ಜ್ಯಾಕ್ ಕೊಟ್ಟು ಟ್ರಾನ್ಸ್‌ಫರ್ ಕೇಸನ್ನು ಸ್ವಲ್ಪ ಎತ್ತಿದರೆ ಹರಿದ ರಬ್ಬರು ಬಾಯಿ ತೆರೆಯುತ್ತದೆ.

ಕೊಂಡ ಮೇಲೆ ಮೊದಲ ಕೆಲಸ

ಹಿಂದಿನವರು ಏನು ಮಾಡಿದ್ದಾರೆಂಬ ಲೆಕ್ಕ ಬಿಟ್ಟು ಎಲ್ಲ ಎಣ್ಣೆಯನ್ನೂ ಇಳಿಸಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಿಂದಿನ ಡಿಫರೆನ್ಷಿಯಲ್, ಎಲ್ಲ ಸೇರಿ ಸುಮಾರು ಐದೂವರೆ ಲೀಟರ್ ಗೇರ್ ಆಯಿಲ್ ಬೇಕು, ಆರು ತನ್ನಿ. ತುಂಬುವ ಬೋಲ್ಟು ಬಿಚ್ಚುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಂಡೇ ಇಳಿಸುವ ಬೋಲ್ಟು ಬಿಚ್ಚಿ. ತುಂಬುವ ತೂತಿನಿಂದ ಎಣ್ಣೆ ಹೊರಚೆಲ್ಲುವವರೆಗೆ ಹಾಕಿದರೆ ಅಳತೆ ಸರಿ. ಇಳಿದ ಎಣ್ಣೆ ಕಾಫಿ ಬಣ್ಣಕ್ಕಿದ್ದರೆ ಹೊಳೆ ದಾಟಿಸುವಾಗ ಬ್ರೀದರಿನಿಂದ (ಗಾಳಿಯಾಡುವ ತೂತಿನಿಂದ) ನೀರು ಒಳಗೆ ಹೋಗಿದೆ. ಹೊಸ ಎಣ್ಣೆಯಲ್ಲಿ ನೂರು ಕಿಲೋಮೀಟರ್ ಓಡಿಸಿ ಮತ್ತೆ ಬದಲಾಯಿಸಿ. ಟೈಮಿಂಗ್ ಬೆಲ್ಟಿನ ವಯಸ್ಸು ಗೊತ್ತಿಲ್ಲವಾದರೆ ಬೆಲ್ಟ್ ಮತ್ತು ಟೆನ್ಷನರ್ ಎರಡನ್ನೂ ಹೊಸತು ಹಾಕಿ.

ಬ್ರೇಕಿನ ಕಬ್ಬಿಣದ ಪೈಪುಗಳು ಚಾಸಿಯ ಗುಂಟ ಹೋಗುತ್ತವೆ, ಕ್ಲಿಪ್ ಹಿಡಿದ ಜಾಗದಲ್ಲೇ ತುಕ್ಕು. ಉಗುರಿನಿಂದ ಕೆರೆದರೆ ಚಕ್ಕೆ ಏಳುವ ಪೈಪು ಘಟ್ಟ ಇಳಿಯುವಾಗ ಒಡೆಯುವ ಪೈಪು. ತುಂಡು ಜೋಡಿಸದೆ ಪೂರ್ತಿ ಉದ್ದ ಬದಲಾಯಿಸಿ. ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪು ಸಿಕ್ಕರೆ ಅದೇ ಹಾಕಿ, ಉಪ್ಪಿಗೆ ಜಗ್ಗುವುದಿಲ್ಲ. ಬರೀ ತಾಮ್ರದ್ದು ಬೇಡ, ಅದುರಿ ಅದುರಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಕರಾವಳಿಯಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿದರೆ ವೀಲ್ ಸಿಲಿಂಡರ್ ಉಳಿಯುತ್ತದೆ.

ಪೆಟ್ರೋಲ್ ಹೋಸುಗಳ ಮಾತು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಹಳೆ ಕಾಲದ ರಬ್ಬರ್ ಹೋಸು, ಕಾರ್ಬ್ಯುರೇಟರಿನ ಡಯಾಫ್ರಾಮ್ ಇದರಲ್ಲಿ ಉಬ್ಬಿ ಮೆತ್ತಗಾಗುತ್ತವೆ. ಎಥನಾಲ್ ತಡೆಯುವ ಹೋಸು, ಅಂದರೆ ಎಸ್‌ಎಇ ಜೆ30 ಆರ್9 ಎಂದು ಮೇಲೆ ಬರೆದದ್ದನ್ನು ಕೇಳಿ ತನ್ನಿ, ಟ್ಯಾಂಕಿನಿಂದ ಎಂಜಿನ್‌ವರೆಗೆ ಎಲ್ಲ ಬದಲಾಯಿಸಿ, ಹೊಸ ಕ್ಲಾಂಪ್ ಹಾಕಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಖಾಲಿ ಜಾಗದ ತೇವ ನೀರಾಗಿ ಅಡಿಯಲ್ಲಿ ಕೂರುತ್ತದೆ.

ಚಾಸಿ ಕೆಲಸ

ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮೃಗಶಿರ ಮಳೆ ಶುರುವಾದ ಮೇಲೆ ಹೊಡೆದ ಪ್ರೈಮರ್ ಒಣಗುವ ಮೊದಲೇ ಅದರಡಿ ತೇವ ಸೇರಿ, ದೀಪಾವಳಿಯ ಹೊತ್ತಿಗೆ ಹಾಳೆಯಂತೆ ಎದ್ದುಬರುತ್ತದೆ.

ಬೆಸುಗೆಗೆ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಎಂಪಿಎಫ್‌ಐ ಆದರೆ ಇಸಿಎಂ ಕನೆಕ್ಟರನ್ನೂ ತೆಗೆಯಿರಿ. ಚಾಸಿಯೊಳಗಿನ ಮಣ್ಣನ್ನು ಪ್ರೆಷರ್ ವಾಷರಿನಿಂದ ಹಿಂದಿನಿಂದ ಮುಂದಕ್ಕೆ ತೊಳೆದು, ಮುಚ್ಚಿದ ತೂತುಗಳನ್ನು ತಂತಿಯಿಂದ ಬಿಡಿಸಿ, ಎರಡು ದಿನ ಬಿಸಿಲಲ್ಲಿ ಒಣಗಿಸಿ. ಕೊಳೆತ ಭಾಗವನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಿ ತೆಗೆಯಬೇಕು. ತುಕ್ಕಿನ ಮೇಲೇ ತಗಡು ಹಚ್ಚಿ ಬೆಸೆಯುವುದು ನಮ್ಮ ಕಡೆ ನಡೆಯುವ ದೊಡ್ಡ ತಪ್ಪು: ನಡುವೆ ಸಿಕ್ಕ ತುಕ್ಕು ಎರಡನ್ನೂ ತಿನ್ನುತ್ತದೆ. ತೇಪೆಗೆ 3 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು. ತುದಿಗಳನ್ನು ನೆಟ್ಟಗೆ ಕತ್ತರಿಸದೆ ಓರೆಯಾಗಿ ಮೊನೆ ಮಾಡಿ. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಗೆರೆ ಬಿದ್ದರೆ ಭಾರ ಬಿದ್ದಾಗ ಆ ಗೆರೆಯ ಪಕ್ಕದಲ್ಲೇ ಬಿರುಕು ಹುಟ್ಟುತ್ತದೆ. ಮಿಗ್ ವೆಲ್ಡಿಂಗ್ ಇರುವ ಗ್ಯಾರೇಜೇ ಆಗಲಿ. ಗೇಟು, ಗ್ರಿಲ್ಲು ಮಾಡುವ ಆರ್ಕ್ ವೆಲ್ಡಿಂಗಿನವರ ಕೈಗೆ ತೆಳು ತಗಡು ಕೊಟ್ಟರೆ ತೂತು ದೊಡ್ಡದಾಗುತ್ತದೆ. ಫ್ಲೋರಿಗೆ 18 ಗೇಜ್ ಶೀಟು ಸಾಕು. ಜಿಐ ಶೀಟಾದರೆ ಬೆಸೆಯುವ ಅಂಚಿನ ಸತುವನ್ನು ಉಜ್ಜಿ ತೆಗೆಯಿರಿ, ಸತು ಉರಿದ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಬೆಸುಗೆಯಾದ ಮೇಲೆ ವೈರ್ ಬ್ರಷ್, ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್, ಮಾರನೆಯ ದಿನ ಎರಡು ಕೋಟು ಎಪಾಕ್ಸಿ ಪ್ರೈಮರ್, ಶೀಟಿನ ಜೋಡಣೆಗಳಿಗೆ ಸೀಮ್ ಸೀಲರ್, ಮೇಲೆ ಬಣ್ಣ. ಚಾಸಿಯ ಒಳಕ್ಕೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಬೇಕು. ಈ ಒಳಗಿನ ಕೆಲಸ ಬಿಟ್ಟರೆ ಹೊರಗಿನದೆಲ್ಲ ಅಲಂಕಾರ. ನೀರಿಳಿಯುವ ತೂತಿನಿಂದ ವ್ಯಾಕ್ಸ್ ತೊಟ್ಟಿಕ್ಕಿದರೆ ಸಾಕಷ್ಟು ಹೋಗಿದೆ ಎಂದು ತಿಳಿಯಿರಿ, ಆಮೇಲೆ ತೂತು ಮತ್ತೆ ಬಿಡಿಸಿ. ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಾಗೆ ಇದೂ ಮತ್ತೆ ಮತ್ತೆ ಮಾಡುತ್ತಿರಬೇಕಾದ್ದು, ಒಂದು ಸಲಕ್ಕೆ ಮುಗಿಯುವುದಲ್ಲ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆ ಪದ್ಧತಿ ಕಬ್ಬಿಣಕ್ಕೆ ಒಂದಿಷ್ಟು ಕಾವಲೇನೋ ಹೌದು, ಆದರೆ ಶಾಕಲ್ ಬುಶ್, ಬ್ರೇಕ್ ಹೋಸಿನ ರಬ್ಬರನ್ನು ಹಾಳು ಮಾಡುತ್ತದೆ, ಮಳೆಗೆ ತೊಳೆದು ಬಾವಿಗೂ ಗದ್ದೆಗೂ ಸೇರುತ್ತದೆ.

ಸ್ಟೇರಿಂಗ್ ನಡುಕ

ಅರವತ್ತರ ಮೇಲೆ ಹೋದಾಗ, ಸಣ್ಣ ಗುಂಡಿ ಸಿಕ್ಕ ಕೂಡಲೇ ಸ್ಟೇರಿಂಗ್ ಎಡಬಲ ಹೊಡೆದಾಡತೊಡಗಿದರೆ ಹೆಚ್ಚಿನ ಗ್ಯಾರೇಜಿನವರು ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿ ಕಳಿಸುತ್ತಾರೆ. ಅದು ನೋವಿಗೆ ಮುಲಾಮು ಅಷ್ಟೇ. ಮೊದಲು ಟೈರ್ ಬ್ಯಾಲೆನ್ಸ್ ಮತ್ತು ಟೈರಿನ ವಯಸ್ಸು ನೋಡಿ. ಬದಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರದ್ದು. ಆಮೇಲೆ ಮುಂದಿನ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ಬೇರಿಂಗ್. ಎಡಬಲ ಹಿಡಿದಾಗ ಆಟ ಇದ್ದರೆ ಟೈರಾಡ್ ಎಂಡ್.

ಕಿಂಗ್‌ಪಿನ್ ಬೇರಿಂಗ್ ಒಂದು ಬದಿಗೆ ಎರಡು, ಒಟ್ಟು ನಾಲ್ಕು. ಒಂದು ಬದಿ ಮಾತ್ರ ಬದಲಾಯಿಸಬೇಡಿ. ನಕಲ್ (ಆಕ್ಸಲ್ ತುದಿಯಲ್ಲಿ ಚಕ್ರದ ಜೊತೆ ತಿರುಗುವ ಭಾಗ) ಬಿಚ್ಚಿದ ಮೇಲೆ ಒಳಗಿನ ಆಕ್ಸಲ್ ಸೀಲನ್ನೂ ಹೊಸತು ಹಾಕಿ: ಈ ಸೀಲು ಹೋದರೆ ಡಿಫರೆನ್ಷಿಯಲ್ ಎಣ್ಣೆ ನಕಲ್‌ನ ಗ್ರೀಸಿಗೆ ಬೆರೆತು, ತೆಳ್ಳಗಾಗಿ ಹೊರಗೆ ಸುರಿದು ಬ್ರೇಕ್ ಡಿಸ್ಕಿನವರೆಗೂ ಹೋಗುತ್ತದೆ. ಹಳೆಯ ಶಿಮ್‌ಗಳನ್ನು (ಸಂದು ಸರಿಪಡಿಸುವ ತೆಳು ತಗಡುಗಳನ್ನು) ಬಂದ ಜಾಗಕ್ಕೇ ಹಾಕಿ. ಜೋಡಿಸಿದ ಮೇಲೆ ನಕಲ್ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿ ಇರಬೇಕು, ಸಡಿಲವಾಗಿ ತೂಗಾಡಿದರೆ ಒಂದು ಶಿಮ್ ತೆಗೆಯಿರಿ.

ಹುಡ್ ಹೊಲಿಸುವುದು

ಹಳೆ ಹುಡ್ ಎಷ್ಟೇ ಹರಿದಿದ್ದರೂ ಎಸೆಯಬೇಡಿ, ಅದೇ ಅಳತೆಪಟ್ಟಿ. ಕುಶನ್ ಅಂಗಡಿಯವರ ಹತ್ತಿರ ಅದರ ಹೊಲಿಗೆ ಬಿಚ್ಚಿಸಿ, ತುಂಡುಗಳನ್ನು ಹೊಸ ಬಟ್ಟೆಯ ಮೇಲಿಟ್ಟು ಗೆರೆ ಹಾಕಿಸಿ. ಹೊಲಿಯುವ ಮೊದಲು ಕಮಾನುಗಳು ನೆಟ್ಟಗಿವೆಯೇ ನೋಡಿ, ಬಗ್ಗಿದ ಕಮಾನಿನ ಮೇಲೆ ಹೊಸ ಹುಡ್ ಹಾಕಿದರೆ ತಗ್ಗಿನಲ್ಲಿ ನೀರು ಕೆರೆ ನಿಲ್ಲುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ತೆಳು ರೆಕ್ಸಿನ್‌ಗೆ ಮರುಳಾಗಬೇಡಿ. ಎರಡು ಬೇಸಿಗೆಗೆ ಮಡಿಕೆಗಳಲ್ಲಿ ಬಿರಿಯುತ್ತದೆ. ಹತ್ತಿಯ ಕ್ಯಾನ್ವಾಸ್ ನೋಡಲು ಚೆಂದ, ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ. ಲಾರಿಗೆ ಹಾಕುವಂಥ, ಎರಡೂ ಬದಿ ಪಿವಿಸಿ ಲೇಪನವಿರುವ, ಚದರ ಮೀಟರಿಗೆ 600ರಿಂದ 700 ಗ್ರಾಂ ತೂಗುವ ಬಟ್ಟೆ ಈ ಮಳೆಗೆ ಸರಿ. 54 ಇಂಚು ಅಗಲದ್ದಾದರೆ ಛಾವಣಿ, ಬದಿ, ಹಿಂಬದಿ ಸೇರಿ 7 ಮೀಟರ್ ತಂದರೆ ತುಂಡು ಉಳಿದೀತು, ಕೊರತೆ ಬೀಳದು. ಕಿಟಕಿಗೆ ಅರ್ಧ ಮಿ.ಮೀ. ದಪ್ಪದ ಪಾರದರ್ಶಕ ಪಿವಿಸಿ.

ಹೊಲಿಗೆಯ ಮಾತನ್ನು ಅಂಗಡಿಯವರಿಗೆ ಬಿಡಬೇಡಿ, ನಿಂತು ಹೇಳಿ ಮಾಡಿಸಿ. ದಾರ ದಪ್ಪ ಪಾಲಿಯೆಸ್ಟರಿನದೇ ಆಗಬೇಕು, ಹತ್ತಿ ದಾರ ಮೂರನೇ ಮಳೆಗಾಲಕ್ಕೆ ಕೊಳೆಯುತ್ತದೆ. ಇಂಚಿಗೆ ಏಳೆಂಟು ಹೊಲಿಗೆ ಸಾಕು; ಒತ್ತೊತ್ತಾಗಿ ಹಾಕಿದರೆ ಸೂಜಿಯ ತೂತುಗಳೇ ಸಾಲಾಗಿ, ಬಟ್ಟೆ ಅಲ್ಲೇ ಹರಿಯುತ್ತದೆ. ಜೋಡಣೆಯ ಅಂಚನ್ನು ಮಡಿಚಿ ಎರಡು ಸಾಲು ಹೊಲಿಗೆ, ಮಡಿಕೆಯ ಬಾಯಿ ನೀರು ಹರಿಯುವ ದಿಕ್ಕಿಗೆ, ಅಂದರೆ ಕೆಳಗೆ. ಹೆಂಚು ಹೊದೆಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಕುಶನ್ ಅಂಗಡಿಯಲ್ಲಿ ಹೇಳಲೇಬೇಕು. ಹೊಲಿದಾದ ಮೇಲೆ ಒಳಬದಿಯಿಂದ ಹೊಲಿಗೆಯ ಮೇಲೆ ಸೀಮ್ ಸೀಲಂಟ್ ಎಳೆಸಿ. ಜಿಪ್ಪು ದಪ್ಪ ಹಲ್ಲಿನ ಪ್ಲಾಸ್ಟಿಕ್‌ನದು, ಲೋಹದ್ದು ಒಂದೇ ಮಳೆಗೆ ಕಚ್ಚಿಕೊಳ್ಳುತ್ತದೆ. ಪ್ರೆಸ್ ಬಟನ್ ಹಿತ್ತಾಳೆಯದೋ ಸ್ಟೇನ್‌ಲೆಸ್‌ದೋ ಎಂದು ಅಯಸ್ಕಾಂತ ಹಿಡಿದು ನೋಡಿ: ಗಟ್ಟಿಯಾಗಿ ಅಂಟಿದರೆ ಮೇಲೆ ಹೊಳಪು ಕೊಟ್ಟ ಕಬ್ಬಿಣ.

ಬಟನ್ ಕೂರಿಸುವ ಹೊತ್ತೂ ಮುಖ್ಯ. ಮಟಮಟ ಮಧ್ಯಾಹ್ನ ಪಿವಿಸಿ ಹಿಗ್ಗಿರುತ್ತದೆ. ಆಗ ಬಿಗಿಯಾಗಿ ಎಳೆದು ಬಟನ್ ಹೊಡೆದರೆ ಜನವರಿಯ ಮುಂಜಾನೆ ಶಿರಸಿಯಲ್ಲಿ ಒಂದೂ ತಲುಪುವುದಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಒಂದು ಸೆಂಟಿಮೀಟರ್ ಸಡಿಲ ಬಿಟ್ಟು ಹೊಡೆಯಿರಿ. ಬಾಡಿಗೆ ಕೊರೆದ ಪ್ರತಿ ತೂತಿಗೂ ಬಟನ್ ಕೂರಿಸುವ ಮೊದಲು ಒಂದು ಹನಿ ಪ್ರೈಮರ್ ಹಚ್ಚಿ, ತುಕ್ಕಿನ ಮುಂದಿನ ಬಾಗಿಲು ಅದೇ.

ಮುಗಿದ ಮೇಲೆ ಪೈಪಿನಿಂದ ಹತ್ತು ನಿಮಿಷ ನೀರು ಬಿಟ್ಟು, ಒಬ್ಬರು ಟಾರ್ಚು ಹಿಡಿದು ಒಳಗೆ ಕೂತು ನೋಡಲಿ. ಗಾಜಿನ ಫ್ರೇಮಿನ ಮೇಲಂಚು ಮತ್ತು ಬಾಗಿಲ ಮೇಲಿನ ಮೂಲೆ, ಸೋರುವುದು ಸಾಮಾನ್ಯವಾಗಿ ಈ ಎರಡು ಕಡೆ. ಇದೆಲ್ಲ ರೋಹಿಣಿ ಮಳೆಗೆ ಮೊದಲು ಆಗಿರಬೇಕು.

ಮಳೆಗಾಲದಲ್ಲಿ

ಒದ್ದೆ ಹುಡ್ ಮಡಿಚಿಡಬೇಡಿ. ಬೂಷ್ಟು ಬಂದರೆ ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಸೇರಿಸಿ ಒರೆಸಿ. ಬ್ಲೀಚಿಂಗ್ ಪೌಡರ್ ದಾರವನ್ನು ತಿನ್ನುತ್ತದೆ, ಪೆಟ್ರೋಲ್ ಕಿಟಕಿಯ ಪಿವಿಸಿಯನ್ನು ಮಂಜು ಮಾಡುತ್ತದೆ. ಫ್ಲೋರಿನ ರಬ್ಬರ್ ಮ್ಯಾಟುಗಳನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ತೆಗೆದೇ ಇಡಿ, ಅಡಿಯ ರಬ್ಬರ್ ಬಿರಡೆಗಳನ್ನು ಬಿಚ್ಚಿಡಿ, ಒಳಗೆ ಬಂದ ನೀರು ಹೊರಗೆ ಹೋಗಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಾಡಿಗೆ, ಎಂಜಿನ್‌ಗೆ ಸೇರುವ ಬೋಲ್ಟುಗಳನ್ನು ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಸ್ಟಾರ್ಟರ್ ಟಕ್ ಟಕ್ ಎಂದು ಸುಮ್ಮನಾಗುವುದಕ್ಕೆ ಎಷ್ಟೋ ಸಲ ಕಾರಣ ಬ್ಯಾಟರಿಯಲ್ಲ, ಈ ಅರ್ಥಿಂಗ್.

ಕಡಲದಂಡೆಯ ಹಸಿ ಮರಳಿನಲ್ಲಿ ಫೋರ್‌ವೀಲ್ ಹಾಕಿ ಓಡಿಸುವ ಹುಚ್ಚು ಬಿಡಿ. ಗಾಡಿಗೂ ಕೇಡು, ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳಿಗೂ ಕೇಡು. ಅಲೆಯ ನೀರು ತಾಗಿದ್ದರೆ ಆ ಸಂಜೆಯೇ, ಮಾರನೆಯ ದಿನಕ್ಕೆ ಬಿಡದೆ, ಸಿಹಿನೀರಿನಿಂದ ಅಡಿಭಾಗವನ್ನೂ ಚಾಸಿಯ ಒಳಗನ್ನೂ ತೊಳೆದು, ಬ್ರೇಕ್ ಎರಡು ಸಲ ಒತ್ತಿ ಒಣಗಿಸಿಯೇ ನಿಲ್ಲಿಸಿ.